ಕೆಂಪು ದೀಪದ ಎಣಿಕೆ

ರೇಡಿಯೋದವನು ಇವತ್ತು ಶಾಲೆಗಳೆಲ್ಲ ಎರಡು ಗಂಟೆ ತಡ ಎಂದು ಊರೂರಿನ ಹೆಸರು ಹಿಡಿದು ಓದುತ್ತಿದ್ದಾಗ ಲವೋನಳಿಗೆ ತನ್ನ ಪಾದ ತಣ್ಣಗಾಗಿರುವುದು ಗಮನಕ್ಕೆ ಬಂತು. ಉಣ್ಣೆಯ ಕಾಲುಚೀಲ ಹಾಕಿದ್ದಳು, ಅದರ ಮೇಲೆ ಮನೆಚಪ್ಪಲಿಯೂ ಇತ್ತು. ಸಿಂಕಿನ ಬುಡದಲ್ಲಿ ನೆಲಕ್ಕೆ ಕೂರಿಸಿದ ಕಬ್ಬಿಣದ ಜಾಲರಿಯ ಮೇಲೆ ನಿಂತು ಪಾತ್ರೆ ತೊಳೆಯುವುದು ಅವಳ ನಲವತ್ತು ವರ್ಷದ ಅಭ್ಯಾಸ. ಕೆಳಗೆ ನೆಲಮಾಳಿಗೆಯಲ್ಲಿ ಮನೆ ಬಿಸಿಮಾಡುವ ಫರ್ನೇಸು ಹತ್ತಿಕೊಂಡಾಗ ಬಿಸಿಗಾಳಿ ಜಾಲರಿಯಿಂದ ಎದ್ದು ಮೊಣಕಾಲಿನವರೆಗೂ ಬರುತ್ತಿತ್ತು. ಈಗ ಬರುತ್ತಿಲ್ಲ. ಎಷ್ಟು ಹೊತ್ತಿನಿಂದ ಬರುತ್ತಿಲ್ಲವೋ ಅವಳಿಗೆ ಗೊತ್ತಿಲ್ಲ, ಯಾಕೆಂದರೆ ಎದ್ದ ಕೂಡಲೇ ರೇಡಿಯೋ ಹಾಕುವವಳು, ಮಲಗುವಾಗಲಷ್ಟೇ ಆರಿಸುವವಳು, ಒಂದು ವರ್ಷದಿಂದ ಈ ಮನೆಯ ಸದ್ದು ಏನು ಎಂದು ಕಿವಿಗೊಟ್ಟು ಕೇಳಿದವಳೇ ಅಲ್ಲ. ಗೋಡೆಯ ಥರ್ಮೋಸ್ಟಾಟು ಐವತ್ನಾಲ್ಕು ಡಿಗ್ರಿ ಫ್ಯಾರನ್‌ಹೀಟ್ ಎಂದಿತು, ಎಪ್ಪತ್ತರ ಹತ್ತಿರ ಇರಬೇಕಾದದ್ದು. ಹೊರಗೆ ಸೊನ್ನೆಗಿಂತ ಇಪ್ಪತ್ತೆಂಟು ಕೆಳಗೆ. ಕಿಟಕಿಯ ಮೂಲೆಯಲ್ಲಿ ಒಳಗಡೆಯೇ ಹಿಮದ ಪೊರೆ ಕಟ್ಟಿತ್ತು. ಅವಳು ಮುಳ್ಳನ್ನು ಎಪ್ಪತ್ತಕ್ಕೆ ತಿರುಗಿಸಿ, ಉಸಿರು ಹಿಡಿದು, ಮನಸ್ಸಿಲ್ಲದ ಮನಸ್ಸಿನಿಂದ ರೇಡಿಯೋ ಆರಿಸಿದಳು.

ಆರಿಸಿದ್ದೇ ತಡ, ಮನೆ ಮೈಮೇಲೆ ಬಂದಂತಾಯಿತು. ತಗಡಿನ ಕೊಳವೆಗಳು ತಣ್ಣಗಾಗುವಾಗ ಮುದುಡುತ್ತವೆ, ಮುದುಡುವಾಗ ಟಿಕ್ ಎನ್ನುತ್ತವೆ, ಇದು ಯಾವ ಮನೆಯಲ್ಲಾದರೂ ಆಗುವಂಥದ್ದು, ಹೆದರುವುದಕ್ಕೆ ಏನಿದೆ. ಹೀಗೆ ತನಗೆ ತಾನೇ ಹೇಳಿಕೊಳ್ಳುತ್ತಲೇ ಅವಳು ಎಣಿಸತೊಡಗಿದ್ದಳು. ಒಂದು ಟಿಕ್. ಬಿಡುವು. ಮತ್ತೊಂದು. ಹಾಳಾದ್ದು, ಎಣಿಸಬೇಡ ಎಂದರೂ ಎಣಿಸುತ್ತದೆ ಈ ತಲೆ. ಅಂಗಡಿಯಲ್ಲಿ ಆಲೂಗಡ್ಡೆ ಚೀಲಕ್ಕೆ ಹಾಕುವಾಗ, ಇಗರ್ಜಿಯ ಗಂಟೆ ಬಡಿಯುವಾಗ, ಗಂಡನ ಅಕ್ಕ ಮಾವಿಸ್ ಫೋನಿನಲ್ಲಿ ಮಾತು ನಿಲ್ಲಿಸಿ ಕೆಮ್ಮುವಾಗ, ಎಲ್ಲಕ್ಕೂ ಲೆಕ್ಕ. ಸದ್ದಾಗುವ ಯಾವುದೂ ಅವಳಿಗೆ ಬರೀ ಸದ್ದಾಗಿ ಉಳಿದಿಲ್ಲ. ಮತ್ತೆ ರೇಡಿಯೋ ಹಾಕಿದಳು. ಯಾರೋ ಹಂದಿಯ ಧಾರಣೆ ಹೇಳುತ್ತಿದ್ದ. ಗಂಡ ಡೆಲ್ಮರ್ ಸತ್ತ ದಿನವೂ ಇದೇ ದನಿ, ಇದೇ ಹಂದಿ, ಮಧ್ಯಾಹ್ನ ಮೂರರ ಮೇಲೆ.

ಫರ್ನೇಸ್ ರಿಪೇರಿಯ ವೆಂಡೆಲ್ ಮೂವತ್ತು ಮೈಲಿ ಆಚೆ ಯಾರದೋ ದನದ ಕೊಟ್ಟಿಗೆಯಲ್ಲಿದ್ದ. ಫೋನಿನಲ್ಲಿ ಅವನ ದನಿಯ ಹಿಂದೆ ಹಸುಗಳು. "ಲವೋನ್ ಅವರೇ, ಇವತ್ತು ಇಡೀ ಜಿಲ್ಲೆಗೇ ಫರ್ನೇಸ್ ಕೆಟ್ಟಿದೆ ಅಂತ ಕಾಣುತ್ತೆ. ಬರ್ತೀನಿ, ಬರ್ದೇ ಏನು. ಆದ್ರೆ ಒಂದು ಉಪಕಾರ ಮಾಡಿ. ಕೆಳಗೆ ಹೋಗಿ, ಫರ್ನೇಸಿನ ಕೆಳಬಾಗಿಲಲ್ಲಿ ಒಂದು ಪುಟ್ಟ ಗಾಜಿನ ಕಣ್ಣು ಇದೆಯಲ್ಲ, ಅದರೊಳಗೆ ಕೆಂಪು ದೀಪ ಮಿನುಗ್ತಾ ಇರುತ್ತೆ. ಎಷ್ಟು ಸಲ ಮಿನುಗುತ್ತೆ ಅಂತ ಎಣಿಸಿ ಹೇಳಿ. ಅದರ ಮೇಲೆ ಯಾವ ಸಾಮಾನು ತರಬೇಕು ಅಂತ ಗೊತ್ತಾಗುತ್ತೆ, ಇಲ್ದಿದ್ರೆ ಈ ಚಳೀಲಿ ಎರಡು ಸಲ ಓಡಾಡ್ಬೇಕು ನಾನು. ಬಾಗಿಲು ಮಾತ್ರ ತೆಗೀಬೇಡಿ ಮತ್ತೆ. ತೆಗೆದ್ರೆ ಕರೆಂಟು ಹೋಗಿ ದೀಪಾನೂ ಹೋಗುತ್ತೆ. ಎಲ್ಲಾ ಗಂಡಸರೂ ಮೊದಲು ಮಾಡೋ ಕೆಲಸ ಅದೇ, ಬಾಗಿಲು ಕೀಳೋದು."

"ಗೊತ್ತು," ಎಂದಳು ಲವೋನ್.

"ಇನ್ನೊಂದು, ಮಧ್ಯದಲ್ಲಿ ಎಣಿಸೋಕೆ ಶುರು ಮಾಡ್ಬೇಡಿ. ದೊಡ್ಡ ಬಿಡುವು ಬರೋ ತನಕ ಕಾದು, ಆಮೇಲೆ ಎಣಿಸಿ."

ಅವಳು ಫೋನು ಕೈಯಲ್ಲಿ ಹಿಡಿದುಕೊಂಡೇ ನೆಲಮಾಳಿಗೆಯ ಬಾಗಿಲಿನವರೆಗೆ ಹೋದಳು. ಬಾಗಿಲ ಹಿಡಿಯ ಮೇಲೆ ಒಂದು ವರ್ಷದಿಂದ ಅವಳ ಅಪ್ರನ್ನು ನೇತಾಡುತ್ತಿದೆ. ಅದು ನೇತಾಡುವ ಜಾಗವಲ್ಲ, ಹಾಗೆ ನೇತುಹಾಕಿದರೆ ಅದು ಬಾಗಿಲೆಂದು ಅನ್ನಿಸುವುದಿಲ್ಲ ಎಂದು ಹಾಕಿದ್ದು. ಬಟ್ಟೆ ಒಗೆಯುವ ಯಂತ್ರ ಕೆಳಗಿದೆ. ಡೆಲ್ಮರ್ ಹೊಡೆದು ತಂದ ಜಿಂಕೆಯ ಮಾಂಸ ತುಂಬಿದ ಫ್ರೀಜರ್ ಪೆಟ್ಟಿಗೆ ಕೆಳಗಿದೆ. ಅವಳು ಮಾತ್ರ ಪ್ರತಿ ಸೋಮವಾರ ಬಟ್ಟೆಯ ಬುಟ್ಟಿ ಕಾರಿಗೆ ಹಾಕಿಕೊಂಡು ಪೆಟ್ರೋಲ್ ಬಂಕಿನ ಪಕ್ಕದ ನಾಣ್ಯ ಹಾಕಿ ಬಟ್ಟೆ ಒಗೆಯುವ ಅಂಗಡಿಗೆ ಹೋಗಿ, ಬೀಟ್‌ಗೆಡ್ಡೆಯ ಕಾರ್ಖಾನೆಗೆ ಬಂದ ಹೊರಗಿನ ಹುಡುಗರ ಒಳಚಡ್ಡಿಗಳು ಗಾಜಿನ ಹಿಂದೆ ಸುತ್ತುವುದನ್ನು ನೋಡುತ್ತ ಕೂರುತ್ತಾಳೆ. ಕೇಳಿದವರಿಗೆ ಮೊಣಕಾಲು ಎನ್ನುತ್ತಾಳೆ. ಮೊಣಕಾಲು ಗಟ್ಟಿಮುಟ್ಟಾಗಿದೆ. ಶಾಲೆಯ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ನಿಂತೇ ದುಡಿದ ಮೊಣಕಾಲು ಅದು. ಅಪ್ರನ್ನು ಸರಿಸಿ, ಬಾಗಿಲು ತೆರೆದು, ದೀಪ ಹಾಕಿದಳು. ಸಿಮೆಂಟಿನ, ಸೋಪಿನ ಪುಡಿಯ, ಹಳೆಯ ಆಲೂಗಡ್ಡೆಯ ವಾಸನೆ ಮುಖಕ್ಕೆ ಬಂತು. ಒಂದು ಮೆಟ್ಟಿಲು ಇಳಿದಳು. ಎರಡನೆಯದಕ್ಕೆ ಕಾಲು ಚಾಚಿದಳು. ಅಲ್ಲಿಂದ ಬಗ್ಗಿದರೆ ಫರ್ನೇಸಿನ ಮಗ್ಗುಲೂ ಅದರ ಮುಂದಿನ ನೆಲದ ಒಂದು ತುಂಡೂ ಕಾಣುತ್ತವೆ ಎಂದು ಅವಳಿಗೆ ಗೊತ್ತು. ಬಗ್ಗಲಿಲ್ಲ. ಹಿಂದಕ್ಕೆ ಬಂದು ಬಾಗಿಲು ಹಾಕಿ, ಅಪ್ರನ್ನು ಮತ್ತೆ ನೇತುಹಾಕಿ, ಎಣಿಸುವುದಕ್ಕೆ ಬೇಕಾದಷ್ಟು ಹೊತ್ತು ಅಲ್ಲೇ ನಿಂತು, ಫೋನಿಗೆ "ಮೂರು" ಎಂದಳು.

"ಮೂರಾ? ಖಂಡಿತಾ?"

"ಎಣಿಸಿದೆನಲ್ಲ," ಎಂದಳು. ಸುಳ್ಳು ಹೇಳುವಾಗ ತನ್ನ ದನಿ ಎಷ್ಟು ಸಲೀಸಾಗಿ ಬರುತ್ತದೆ ಎಂದು ಅವಳಿಗೇ ಅಸಹ್ಯವಾಯಿತು. ಒಂದು ವರ್ಷದ ರೂಢಿ.

ಮೊದಲ ಸುಳ್ಳು ಹೇಳಿದ್ದು ಮಾವಿಸಳಿಗೆ, ಡೆಲ್ಮರನ ಅಕ್ಕನಿಗೆ. ಆ ಮಂಗಳವಾರ ಸಂಜೆ ಆಂಬುಲೆನ್ಸಿನವರು ಅವನನ್ನು ನೆಲಮಾಳಿಗೆಯ ಮೆಟ್ಟಿಲಿಂದ ಮೇಲೆ ಹೊತ್ತು ತರಲು ಒದ್ದಾಡುತ್ತಿದ್ದಾಗ ಮಾವಿಸ್ ಕೋಟಿನ ಗುಂಡಿ ತಪ್ಪಾಗಿ ಹಾಕಿಕೊಂಡು ಓಡಿಬಂದು ಅವಳ ಎರಡೂ ಕೈ ಹಿಡಿದು, "ಕೂಗಿದ್ನೇನೇ? ಏನಾದ್ರೂ ಕೇಳಿಸ್ತೇನೇ ನಿಂಗೆ?" ಎಂದಳು. "ಇಲ್ಲ. ಏನೂ ಕೇಳಿಸ್ಲಿಲ್ಲ," ಎಂದಳು ಲವೋನ್. ಡಾಕ್ಟರು ಹೃದಯ ಎಂದರು, ಬಹುಶಃ ಬೇಗನೆ ಆಗಿರಬಹುದು ಎಂದರು. ಆ ಬಹುಶಃ ಎಂಬುದನ್ನು ಮಾವಿಸ್ ಅಲ್ಲೇ ಬಿಟ್ಟಳು. ತಾಯಿ ಸತ್ತ ಮೇಲೆ ತಮ್ಮನನ್ನು ಸಾಕಿ ಬೆಳೆಸಿದವಳು ಅವಳು, ಆಗ ಅವಳಿಗೆ ಹನ್ನೊಂದು, ಅವನಿಗೆ ಆರು. ಇಂದಿಗೂ ಇಗರ್ಜಿಯಲ್ಲಿ, ಅಂಚೆ ಕಚೇರಿಯಲ್ಲಿ, ಕಂಡವರಿಗೆಲ್ಲ "ಒಂದು ಚಿಟಿಕೆ ಹೊಡೆದ ಹಾಗೆ ಹೋದ ನಮ್ಮ ಡೆಲ್ಮರ್, ಒಂದಿಷ್ಟೂ ನರಳ್ಲಿಲ್ಲ, ದೇವರು ದೊಡ್ಡವನು" ಎನ್ನುತ್ತಾಳೆ, ಪಕ್ಕದಲ್ಲಿ ನಿಂತ ಲವೋನಳ ತೋಳು ತಟ್ಟುತ್ತಾಳೆ. ಪ್ರತಿ ಸಲವೂ ಲವೋನ್ ಅಂದುಕೊಳ್ಳುತ್ತಾಳೆ: ಹೇಳಿಬಿಡಬೇಕು, ಮುಂದಿನ ವಾರ, ಈಸ್ಟರ್ ಕಳೆಯಲಿ, ಜೋಳದ ಕಾಲ ಬರಲಿ. ಹೇಳಿದರೆ ಮಾವಿಸ್ ಹೋಗುತ್ತಾಳೆ. ಮಕ್ಕಳಿಲ್ಲದ ಮನೆಗೆ ದಿನಕ್ಕೊಮ್ಮೆ ಬಂದು ಹೋಗುವ ಒಂದೇ ಜೀವ ಅವಳು. ಹೇಳದಿದ್ದರೆ ಇದು ಹೀಗೆಯೇ, ತೋಳು ತಟ್ಟಿಸಿಕೊಳ್ಳುತ್ತ, ಸಾಯುವವರೆಗೆ.

ಮಾವಿಸ್ ಹನ್ನೊಂದೂವರೆಗೆ ಬಂದಳು, ಒಂದು ಕೈಯಲ್ಲಿ ಕೋಣೆ ಬಿಸಿಮಾಡುವ ಪುಟ್ಟ ವಿದ್ಯುತ್ ಒಲೆ, ಇನ್ನೊಂದರಲ್ಲಿ ಮಾಂಸ, ಆಲೂಗಡ್ಡೆ ಸೇರಿಸಿ ಬೇಯಿಸಿ ಟವೆಲ್ಲು ಸುತ್ತಿದ ಹಾಟ್‌ಡಿಶ್ಶಿನ ತಟ್ಟೆ. "ಅಯ್ಯೋ ಮಾರಾಯ್ತಿ, ಇದೇನು ಮನೇನೋ ಹಿಮದ ಗುಡಿಸಲೋ! ನನ್ನ ಮನೆಗೆ ಬಾ ಅಂದ್ರೆ ಬರಲ್ಲ, ನೀರು ಗಡ್ಡೆಕಟ್ಟಿ ಪೈಪು ಒಡೆದುಹೋಗುತ್ತೆ ಅಂತ ಕಾವಲು ಕೂತಿದೀಯ. ನಲ್ಲಿ ತೊಟ್ಟಿಕ್ಕೋ ಹಾಗೆ ಬಿಟ್ಟಿದೀಯಾ? ಬಿಟ್ಟಿದೀಯ, ಸರಿ. ನಿನಗೆ ಹೇಳ್ಕೊಡ್ಬೇಕಾ." ಟೋಪಿ ತೆಗೆಯದೆ, ಕೋಟು ಬಿಚ್ಚದೆ, ಒಲೆಯನ್ನು ಮೇಜಿನ ಕೆಳಗೆ ಹೊತ್ತಿಸಿ, ಇಬ್ಬರ ಕಾಲನ್ನೂ ಅದರ ಹತ್ತಿರ ತಳ್ಳಿದಳು. ಎಪ್ಪತ್ತಾರು ವರ್ಷದ ಹೆಂಗಸು, ಬೇಸಗೆಯಲ್ಲಿ ಏಣಿ ಹತ್ತಿ ಮಾಡಿನ ಕಸ ತೆಗೆಯುವವಳು. ಇಬ್ಬರೂ ಕಾಫಿ ಕುಡಿದರು. ಮಾವಿಸ್ ಯಾರ ಕಾರು ಚಾಲೂ ಆಗಿಲ್ಲ, ಯಾರ ನಾಯಿಯ ಕಿವಿ ಚಳಿಗೆ ಸುಟ್ಟಿದೆ ಎಂದು ಹೇಳುತ್ತ ಹೋದಳು. ಲವೋನ್ ಹೂಂ ಎನ್ನುತ್ತ ಅವಳ ಬಾಯಿಯನ್ನೇ ನೋಡುತ್ತಿದ್ದಳು. ಕೆಳತುಟಿಯ ಎಡಬದಿ ನಗುವಾಗ ಇಳಿಯುತ್ತದೆ, ಡೆಲ್ಮರನದೂ ಹಾಗೆಯೇ ಇಳಿಯುತ್ತಿತ್ತು. ಅವನು ಹೋಗುವುದಕ್ಕೆ ಎರಡು ದಿನ ಮುಂಚಿನ ಆ ಭಾನುವಾರ ಇಳಿದದ್ದನ್ನು ಅವಳು ನೋಡಿದ್ದಳು.

ಇಗರ್ಜಿಯ ಕೆಳಗಿನ ಹಜಾರದಲ್ಲಿ ಪ್ರಾರ್ಥನೆಯ ನಂತರದ ಕಾಫಿ. ಉದ್ದ ಮೇಜು, ಮೇಣದ ಹಾಸು, ಅಂದಿನ ಬಡಿಸುವ ಸರದಿ ಲವೋನಳದು. ಗಂಡಸರೆಲ್ಲ ಫರ್ನೇಸಿನ ಮಾತಿಗೆ ಬಿದ್ದಿದ್ದರು, ಜನವರಿಯಲ್ಲಿ ಬೇರೆ ಯಾವ ಮಾತು. ನಿಮ್ಮದು ಹೇಗಿದೆ ಡೆಲ್ಮರ್ ಎಂದು ಯಾರೋ ಕೇಳಿದರು. ಅವನು ಬಾಯಿ ತೆರೆಯುವ ಮುಂಚೆ ಲವೋನ್ ಕಾಫಿಯ ಕೂಜ ಹಿಡಿದುಕೊಂಡೇ ಹೇಳಿಬಿಟ್ಟಳು: "ನಮ್ಮೋರು ನಲವತ್ತು ವರ್ಷ ಕೌಂಟಿಯ ರಸ್ತೇಲಿ ಹಿಮ ತಳ್ಳೋ ಗಾಡಿ ಓಡಿಸಿ ಮೈಲಿಗಲ್ಲು ಎಣಿಸಿದ್ದೇ ಎಣಿಸಿದ್ದು, ಇವತ್ತಿಗೂ ಮೂರಕ್ಕೂ ನಾಲ್ಕಕ್ಕೂ ವ್ಯತ್ಯಾಸ ಗೊತ್ತಿಲ್ಲ. ದೀಪ ಮೂರು ಸಲ ಮಿನುಗಿದ್ರೆ ನಾಲ್ಕು ಅಂತ ಎಣಿಸಿ, ನಾಲ್ಕರ ಸಾಮಾನು ತಂದು ಇಟ್ಕೊಂಡು ಕೂತಿದಾರೆ. ನಾನು ಬಟ್ಟೆ ಒಗೆಯೋಕೆ ಹೋದೋಳು ನೋಡ್ತೀನಿ, ಮೂರೇ!" ಮೇಜೇ ನಕ್ಕಿತು. ಪಾದ್ರಿಯೂ ನಕ್ಕರು. ಮಾವಿಸ್ ಕಣ್ಣೊರೆಸಿಕೊಂಡು ನಕ್ಕಳು. ಡೆಲ್ಮರನೂ ನಕ್ಕ, ಕಿವಿ ಕೆಂಪಾಗಿ, ತುಟಿಯ ಎಡಬದಿ ಇಳಿದು. ಎರಡನೆಯ ಸಲ ಕಾಫಿ ಬಗ್ಗಿಸಲು ಹೋದಾಗ ಅವನು ಲೋಟದ ಬಾಯಿಗೆ ಅಂಗೈ ಅಡ್ಡ ಇಟ್ಟ. ಕಾರಿನಲ್ಲಿ ಮಾತಿಲ್ಲ. ಸೋಮವಾರ ಮಾತಿಲ್ಲ. ಇವರ ಮನೆಗಳಲ್ಲಿ ಯಾರೂ ತಟ್ಟೆ ಎಸೆಯುವುದಿಲ್ಲ, ಕೂಗಾಡುವುದಿಲ್ಲ. ಬೆಣ್ಣೆ ಬೇಕಾದರೆ ಕೊಡು ಎನ್ನದೆ ತಾವೇ ಕೈ ಚಾಚಿ ತೆಗೆದುಕೊಳ್ಳುತ್ತಾರೆ, ಅಷ್ಟೇ. ಎರಡು ದಿನ ಅವನು ಕೈ ಚಾಚಿಯೇ ಬೆಣ್ಣೆ ತೆಗೆದುಕೊಂಡ. ಅವಳಿಗೂ ಹಟ ಬಂತು. ಒಂದು ತಮಾಷೆಗೆ ಇಷ್ಟೊಂದು ಮೂತಿ ಊದಿಸುವ ಗಂಡಸಿನ ಹತ್ತಿರ ತಾನೇ ಯಾಕೆ ಮೊದಲು ಮಾತಾಡಬೇಕು? ಮಂಗಳವಾರ ಊಟ ಮುಗಿಸಿ ಅವನು ಏನೂ ಹೇಳದೆ ನೆಲಮಾಳಿಗೆಗೆ ಇಳಿದ.

ವೆಂಡೆಲ್ ಬಂದಾಗ ಒಂದು ಗಂಟೆ. ಹುಬ್ಬಿನ ಮೇಲೆಲ್ಲ ಹಿಮ. ಬೂಟಿನ ಮೇಲೆ ಬಟ್ಟೆಯ ಚೀಲ ಏರಿಸಿಕೊಂಡು, "ಮೂರು ಅಂದ್ರಿ, ಮೂರರ ಸಾಮಾನೆಲ್ಲಾ ತಂದಿದೀನಿ. ಕಾಫಿ ಇಟ್ಟಿರಿ, ಹತ್ತು ನಿಮಿಷ," ಎಂದು ಅಪ್ರನ್ನು ಸರಿಸಿ ಇಳಿದುಹೋದ. ಐದು ನಿಮಿಷಕ್ಕೆ ಮೇಲೆ ಬಂದ. ಬಂದವನು ಮುಖದ ಮೇಲಿನ ಜೇಡರ ಬಲೆಯನ್ನು ಬೆರಳಿಂದ ಬಿಡಿಸಿಕೊಳ್ಳುತ್ತ ಮೊದಲು ಲವೋನಳನ್ನು, ಆಮೇಲೆ ಮಾವಿಸಳನ್ನು ನೋಡಿದ. ಒಳ್ಳೆಯವನು, ಹೇಳಬೇಕೋ ಬೇಡವೋ ಎಂದು ಯೋಚಿಸಿದ್ದು ಮುಖದಲ್ಲೇ ಕಂಡಿತು.

"ಲವೋನ್ ಅವರೇ, ನೀವು ಕೆಳಗೆ ಹೋಗ್ಲಿಲ್ಲ, ಅಲ್ವಾ? ಮೆಟ್ಟಿಲ ಅಡ್ಡ ಬಲೆ ಕಟ್ಟಿತ್ತು. ಹರಿದುಕೊಂಡು ಹೋಗಿದ್ದೇ ನಾನು."

"ಮೊಣಕಾಲು," ಎಂದಳು.

"ಮೊಣಕಾಲು ಅಂದಿದ್ರೆ ನಾನೇನು ಬೈತಿದ್ನಾ? ಮೂರು ಅಂತ ಯಾಕೆ ಹೇಳಿದ್ರಿ? ಅದು ನಾಲ್ಕು."

ಅವಳ ಮುಖ ಕಾದ ಬಾಣಲೆಯಂತಾಯಿತು. ಅಷ್ಟು ಚಳಿಯಲ್ಲಿ ಕುತ್ತಿಗೆ ಬೆವೆತಿತು. ಮಾವಿಸ್ ಅವಳನ್ನೇ ನೋಡುತ್ತಿದ್ದಳು, ಕರುಣೆಯಿಂದ. ಅದು ಇನ್ನೂ ಕಷ್ಟ. "ಹೋಗ್ಲಿ ಬಿಡಪ್ಪ ವೆಂಡೆಲ್, ಅವಳಿಗೆ ಅಲ್ಲಿಗೆ ಹೋಗೋಕೆ ಆಗಲ್ಲ. ಅಲ್ಲೇ ಅಲ್ವಾ ಅವನು..." ಎಂದು ಮಾವಿಸ್ ಲವೋನಳ ತೋಳು ತಟ್ಟಿದಳು.

"ಕ್ಷಮಿಸಿ, ನನಗೆ ಹೊಳೀಲೇ ಇಲ್ಲ," ಎಂದು ವೆಂಡೆಲ್ ಟೋಪಿ ತೆಗೆದ. ಆಮೇಲೆ, ಮುಜುಗರಕ್ಕೆ ಬಿದ್ದ ಗಂಡಸರೆಲ್ಲ ಮಾಡುವ ಹಾಗೆ, ಯಂತ್ರದ ವಿಷಯಕ್ಕೆ ಬಂದ. ಮೂರು ಅಂದರೆ ಹೊಗೆ ಹೊರಗೆ ಹೋಗುವ ದಾರಿ ಕಟ್ಟಿದೆ ಎಂದು; ಕೊಳವೆಯ ಬಾಯಿಗೆ ಹಿಮ ಮುಚ್ಚಿರುತ್ತದೆ, ಇಲ್ಲವೇ ಒಳಗಿನ ರಬ್ಬರ್ ನಳಿಗೆಯಲ್ಲಿ ನೀರು ನಿಂತಿರುತ್ತದೆ; ಹೊಗೆಗೆ ದಾರಿ ಇಲ್ಲದೆ ನಾನು ಬೆಂಕಿ ಹೊತ್ತಿಸುವುದಿಲ್ಲ ಎಂದು ದೀಪ ಮಿನುಗಿಸುವ ಆ ಎಲೆಕ್ಟ್ರಾನಿಕ್ ಬೋರ್ಡು ಹಟ ಹಿಡಿಯುತ್ತದೆ. ನಾಲ್ಕು ಅಂದರೆ ಬೆಂಕಿ ಹೊತ್ತಿದೆ, ಆದರೆ ಒಳಗೆ ಗಾಳಿ ಆಡದೆ ಪೆಟ್ಟಿಗೆ ಅತಿಯಾಗಿ ಕಾದಿದೆ. ಒಂದು ಸಲ ಕಾದರೆ ಆರಿಸಿ ತಣಿಸಿಕೊಳ್ಳುತ್ತದೆ, ಮತ್ತೆ ಮತ್ತೆ ಕಾದರೆ ಬೀಗ ಹಾಕಿಕೊಂಡು ಕೂತುಬಿಡುತ್ತದೆ. "ಗಾಳಿ ಯಾಕೆ ಆಡ್ಲಿಲ್ಲ ಅಂತ ತೋರಿಸ್ತೀನಿ ತಾಳಿ," ಎಂದು ಮತ್ತೆ ಇಳಿದು, ಒಂದು ಹಳೆಯ ಪತ್ರಿಕೆಯ ಮೇಲೆ ಗಾಳಿ ಸೋಸುವ ಫಿಲ್ಟರನ್ನು ಹೊತ್ತು ತಂದು ಮೇಜಿನ ಮೇಲಿಟ್ಟ. ರಟ್ಟಿನ ಚೌಕಟ್ಟಿನೊಳಗೆ ಬೂದು ಬಣ್ಣದ ದಪ್ಪ ಧೂಳು, ಕಂಬಳಿ ಹೊದಿಸಿದ ಹಾಗೆ. "ಮೂರು ತಿಂಗಳಿಗೊಮ್ಮೆ ಬದಲಿಸ್ಬೇಕು ಇದನ್ನ. ಒಂದು ವರ್ಷ ಯಾರೂ ಕೆಳಗೆ ಹೋಗ್ಲಿಲ್ಲ ಅಂದ್ರೆ ಇನ್ನೇನಾಗುತ್ತೆ."

ಚೌಕಟ್ಟಿನ ಅಂಚಿನಲ್ಲಿ ಹೊಸ ಫಿಲ್ಟರು ಹಾಕಿದ ದಿನ ಬರೆಯುವುದು ಎಲ್ಲ ಮನೆಯ ಗಂಡಸರ ಪದ್ಧತಿ. ವೆಂಡೆಲ್ ಹೆಬ್ಬೆರಳಿಂದ ಧೂಳು ಒರೆಸಿದ. ಬಡಗಿಯ ಪೆನ್ಸಿಲಿನ ದಪ್ಪ ಗೆರೆ, ಅಂಕಿ ಒಂದರ ತಲೆಗೆ ಪುಟ್ಟ ಕೊಕ್ಕೆ: ಜನವರಿ ಹದಿನಾಲ್ಕು. ಆ ಮಂಗಳವಾರ.

"ಅವನ ಅಕ್ಷರ," ಎಂದಳು ಮಾವಿಸ್, ಮುಟ್ಟಲು ಹೋಗಿ ಬೆರಳು ಹಿಂದಕ್ಕೆ ತೆಗೆದುಕೊಂಡಳು.

"ಇನ್ನೊಂದು ಕೇಳಿ," ಎಂದ ವೆಂಡೆಲ್, ಈಗ ಅವನಿಗೆ ಹುರುಪು ಬಂದಿತ್ತು. "ಈ ಬೋರ್ಡು ಹಳೇದನ್ನ ಮರೆಯಲ್ಲ. ಬಾಗಿಲು ತೆಗೆದ್ರೆ ಆಗ ಮಿನುಗ್ತಿರೋದು ಹೋಗುತ್ತೆ, ನಿಜ. ಆದ್ರೆ ಕೊನೆಯ ಐದು ತಪ್ಪು ಒಳಗೆ ಉಳಿದಿರುತ್ತೆ. ಒಂದು ಗುಂಡಿ ಒತ್ತಿ ಹಿಡಿದ್ರೆ ಹೊಸದರಿಂದ ಹಳೇದಕ್ಕೆ ಒಂದೊಂದಾಗಿ ಹೇಳುತ್ತೆ. ಈಗ ಕೇಳ್ದೆ. ನಾಲ್ಕು, ನಾಲ್ಕು, ಇವು ಇವತ್ತಿನವು. ಅದರ ಹಿಂದೆ ಮೂರು, ಮೂರು. ಅದರ ಹಿಂದೆ ನಾಲ್ಕು. ಅಂದ್ರೆ ಹೋದ ಚಳಿಗಾಲ ಎರಡು ಕಾಯಿಲೆ ಒಟ್ಟಿಗೆ ಇತ್ತು. ಮೊದಲು ನಾಲ್ಕು, ಆಮೇಲೆ ಮೂರು. ಡೆಲ್ಮರ್ ಎರಡನ್ನೂ ಕಂಡುಹಿಡಿದು, ಹೊಗೆ ಕೊಳವೆ ಬಿಡಿಸಿ, ಫಿಲ್ಟರೂ ಬದಲಿಸಿ ಸರಿಮಾಡಿದಾರೆ. ಒಂದು ವರ್ಷ ಒಂದೇ ಒಂದು ಸಲ ಕೈಕೊಟ್ಟಿಲ್ಲ ಇದು. ನಾನೇ ಆಗಿದ್ರೂ ಒಂದೇ ಸಲಕ್ಕೆ ಹಿಡೀತಿರ್ಲಿಲ್ಲ."

"ಹಾಗಾದ್ರೆ ಅವನು ಸರಿಯಾಗೇ ಎಣಿಸಿದ್ದ!" ಮಾವಿಸ್ ಮೇಜು ಬಡಿದು ನಕ್ಕಳು, ನಗುತ್ತಲೇ ಮೂಗು ಒರೆಸಿಕೊಂಡಳು. "ಕೇಳಿದ್ಯೇನೇ ಲವೋನ್? ನಾಲ್ಕು ನಿಜವಾಗ್ಲೂ ನಾಲ್ಕೇ! ಅವತ್ತು ಹೇಗೆ ನಕ್ಕುಬಿಟ್ವಲ್ಲೇ ಆ ಪಾಪದವನನ್ನ ಕೂರಿಸ್ಕೊಂಡು. ಅಯ್ಯೋ ನನ್ನ ತಮ್ಮಾ. ಈ ಭಾನುವಾರ ಎಲ್ಲರಿಗೂ ಹೇಳ್ಬೇಕು ನಾನು."

ಲವೋನ್ ಫಿಲ್ಟರಿನ ಧೂಳನ್ನು ನೋಡುತ್ತಿದ್ದಳು. ಅದು ತನ್ನ ಮೈಯದೇ ಧೂಳು, ಒಂಟಿಯಾಗಿ ಓಡಾಡಿದ ವರ್ಷದ್ದು, ತಲೆಗೂದಲು, ಉಣ್ಣೆ, ಚರ್ಮದ ಹೊಟ್ಟು, ಅವನು ಹಾಕಿಹೋದ ಫಿಲ್ಟರಿನಲ್ಲಿ ಬಂದು ಕೂತದ್ದು. ಅವನು ಸರಿಯಾಗಿ ಎಣಿಸಿದ್ದ. ಎರಡು ದಿನ ಬೆಣ್ಣೆಗೆ ಕೈ ಚಾಚುತ್ತ ಅವನಿಗೆ ಅದು ಗೊತ್ತಿತ್ತು. ತಾನು ನೋಡಿದ್ದು ನಾಲ್ಕೇ ಎಂದು ಗೊತ್ತಿದ್ದೂ, ಇಗರ್ಜಿಯಲ್ಲಿ ಅಷ್ಟು ಜನರ ಮುಂದೆ ನಕ್ಕಿದ್ದ. ವೆಂಡೆಲ್ ಥರ್ಮೋಸ್ಟಾಟಿನ ಮುಳ್ಳು ಇಳಿಸಿ, ಹೊಸ ಫಿಲ್ಟರು ಹಿಡಿದು ಕೆಳಗೆ ಹೋದ. ಅವನ ಹೆಜ್ಜೆ, ತಗಡಿನ ಬಾಗಿಲು ಕೂರಿಸಿದ ಸದ್ದು, ಏನೋ ಗುನುಗು. ಮಾವಿಸ್ ಭಾನುವಾರ ಯಾರ್ಯಾರಿಗೆ ಹೇಗೆ ಹೇಳಬೇಕು ಎಂದು ಹೇಳುತ್ತಿದ್ದಳು.

ಆಗ ಜಾಲರಿಯಿಂದ ಬಂತು. ಟಣ್, ಟಣ್, ಟಣ್.

ಎಲ್ಲ ಫರ್ನೇಸಿನವರೂ ಮಾಡುವುದು ಅದನ್ನೇ. ಕೆಳಗಿದ್ದವನು ಮೇಲೆ ಬರುವ ಬದಲು ಸ್ಪ್ಯಾನರಿನಿಂದ ಕೊಳವೆಗೆ ಮೂರು ಏಟು ಹಾಕುತ್ತಾನೆ, ಮೇಲಿದ್ದವರು ಥರ್ಮೋಸ್ಟಾಟು ಏರಿಸುತ್ತಾರೆ, ಫರ್ನೇಸು ಹತ್ತಿಕೊಳ್ಳುತ್ತದೆಯೋ ಇಲ್ಲವೋ ಅವನು ಕೆಳಗೆ ನೋಡುತ್ತಾನೆ. ಡೆಲ್ಮರನ ಅಪ್ಪ ಕಲ್ಲಿದ್ದಲಿನ ಕಾಲದಲ್ಲಿ ಹಾಗೆ ಮಾಡುತ್ತಿದ್ದನಂತೆ. ಲವೋನ್ ಎರಡೂ ಕೈಯಲ್ಲಿ ಮೇಜಿನ ಅಂಚು ಹಿಡಿದು ಕುಳಿತಿದ್ದಳು.

"ಏರಿಸ್ಬೇಕಂತೆ ಕಣೇ," ಎಂದಳು ಮಾವಿಸ್. "ಲವೋನ್? ಏನಾಯ್ತು ನಿಂಗೆ? ಕೂತಿರು, ನಾನೇ ಏರಿಸ್ತೀನಿ." ಎದ್ದು ಹೋಗಿ ಮುಳ್ಳು ತಿರುಗಿಸಿದಳು. ಕೆಳಗೆ ಗುಂಯ್ ಎಂದು ಸಣ್ಣ ಫ್ಯಾನು ತಿರುಗಿತು, ಕ್ಷಣ ಕಾದು ಬೆಂಕಿ ಉಫ್ ಎಂದು ಹತ್ತಿಕೊಂಡಿತು. "ಹಾಂ, ಬಂತು ನೋಡು!" ಎಂದು ಮಾವಿಸ್ ಜಾಲರಿಯ ಮೇಲೆ ಕೈ ಚಾಚಿ ನಿಂತಳು.

"ಅವನೂ ಬಡಿದ," ಎಂದಳು ಲವೋನ್.

"ಯಾರು?"

"ಡೆಲ್ಮರ್. ಅವತ್ತು. ನಂಗೆ ಕೇಳಿಸ್ತು, ಮಾವಿಸ್. ಕೇಳಿಸ್ಲಿಲ್ಲ ಅಂತ ಸುಳ್ಳು ಹೇಳ್ದೆ ನಿಂಗೆ."

ಮಾವಿಸ್ ಚಾಚಿದ ಕೈ ಚಾಚಿದಂತೆಯೇ ಇತ್ತು. ಲವೋನ್ ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಇನ್ನು ಜನ್ಮದಲ್ಲಿ ಹೇಳಲಾರೆ ಎಂದು ಗೊತ್ತಿತ್ತು. "ಮೊದಲು ಮೂರು ಬಡಿದ. ನಾನು ಎದ್ದು ಏರಿಸ್ದೆ. ಮಾತಿಲ್ಲದೆ. ಹತ್ತಿಕೊಳ್ತು. ಹತ್ತು ನಿಮಿಷ ಆಗಿತ್ತೇನೋ, ಮತ್ತೆ ಮೂರು. ಏರಿಸಿ ಆಗಿದೆ, ಬಿಸಿ ಬರ್ತಾ ಇದೆ, ಮತ್ತೇನು? ನಾನೇನಂದ್ಕೊಂಡೆ ಗೊತ್ತಾ? ನನ್ನ ಅಣಕಿಸ್ತಾ ಇದಾನೆ ಅಂದ್ಕೊಂಡೆ. ಒಂದು, ಎರಡು, ಮೂರು, ನೋಡು ನಂಗೆ ಮೂರರ ತನಕ ಎಣಿಸೋಕೆ ಬರುತ್ತೆ ಅಂತ. ಎರಡು ದಿನ ಮಾತಾಡದೋನು ಈಗ ಕೊಳವೇಲಿ ಮಾತಾಡ್ತಾನೆ ಅಂತ ಮೈಯೆಲ್ಲಾ ಉರೀತು. ರೇಡಿಯೋ ಜೋರು ಮಾಡ್ದೆ. ಐದೂಕಾಲಿಗೆ ಸೂಪು ಆರುತ್ತೆ ಅಂತ ಹೇಳೋಕೆ ಕೆಳಗೆ ಹೋದೆ."

ಜಾಲರಿಯಿಂದ ಬಿಸಿಗಾಳಿ ಎದ್ದು ಮಾವಿಸಳ ಕೋಟಿನ ಅಂಚನ್ನು ಅಲುಗಿಸುತ್ತಿತ್ತು. ಅವಳು ಬೈಯಲಿಲ್ಲ. ಬೈದಿದ್ದರೆ ಲವೋನಳಿಗೆ ಸುಲಭವಾಗುತ್ತಿತ್ತು. ಬಂದು ಕುರ್ಚಿಯ ತುದಿಯಲ್ಲಿ ಕುಳಿತು, ಬೆರಳಿನಿಂದ ಮೇಜಿನ ಮೇಲೆ ಬಿದ್ದಿದ್ದ ಧೂಳಿನ ಎಳೆಯೊಂದನ್ನು ಹತ್ತಿರ ಎಳೆದುಕೊಂಡಳು.

"ಎರಡನೇ ಸಲ ಬಡಿದದ್ದು," ಎಂದಳು, "ಜೋರಾಗಿತ್ತಾ?"

"ಇಲ್ಲ. ಮೆತ್ತಗಿತ್ತು."

"ಎರಡೇ ಸಲಾನಾ?"

ಒಂದು ವರ್ಷ ರಾತ್ರಿ ಹಗಲು ತನಗೆ ತಾನೇ ಹೇಳಿಕೊಂಡಾಗಲೂ ಲವೋನ್ ಇಲ್ಲಿಗೇ ನಿಲ್ಲಿಸುತ್ತಿದ್ದಳು. ಮೂರು, ಆಮೇಲೆ ಮೂರು. ಆಮೇಲಿನದು ಹಂದಿಯ ಧಾರಣೆ, ಆಮೇಲೆ ಹವಾಮಾನ, ಅಲ್ಲಿ ಕೇಳಿಸುವುದಕ್ಕೆ ಏನೂ ಇರಲಿಲ್ಲ ಎಂದು ಅಷ್ಟು ಸಲ ಹೇಳಿಕೊಂಡು ಅವಳು ಅರ್ಧ ನಂಬಿಯೂ ಇದ್ದಳು. ಮಾವಿಸ್ ತಲೆ ಎತ್ತಿ ನೋಡುತ್ತಿದ್ದಳು. ತಮ್ಮನ ಕಣ್ಣೇ, ನೀಲಿ, ಅಂಚು ಕೆಂಪು.

"ಇಲ್ಲ," ಎಂದಳು ಲವೋನ್. "ರೇಡಿಯೋ ಜೋರು ಮಾಡಿದ ಮೇಲೂ ಬಂತು. ಒಂದು. ಒಂದೇ ಒಂದು. ಒಂದಕ್ಕೆ ನಮ್ಮಲ್ಲಿ ಏನೂ ಅರ್ಥ ಇಲ್ಲ, ಮಾವಿಸ್. ಅರ್ಥ ಇದ್ದಿದ್ರೆ ನಾನು..."

ಕೆಳಗಿನಿಂದ ವೆಂಡೆಲ್ "ಬಿಸಿ ಬರ್ತಾ ಇದೆಯಾ?" ಎಂದು ಕೂಗಿದ. ಮತ್ತೆ ಕೂಗಿದಾಗ ಮಾವಿಸ್, ತನ್ನ ಎಂದಿನ ದನಿಯಲ್ಲೇ, "ಬರ್ತಾ ಇದೆಯಪ್ಪಾ," ಎಂದಳು. ಆಮೇಲೆ ಧೂಳಿನ ಆ ಎಳೆಯನ್ನು ಎತ್ತಿ ಫಿಲ್ಟರಿನ ಕೆಳಗಿನ ಪತ್ರಿಕೆಯ ಮೇಲಿಟ್ಟಳು.

"ನಾನು ದಿನಾ ರಾತ್ರಿ ಒಂದೇ ಮಾತು ಹೇಳ್ಕೊಂಡು ಮಲಗ್ತಿದ್ದೆ ಕಣೇ," ಎಂದಳು ಕೊನೆಗೆ. "ಚಿಟಿಕೆ ಹೊಡೆದ ಹಾಗೆ ಹೋದ, ಚಿಟಿಕೆ ಹೊಡೆದ ಹಾಗೆ ಹೋದ. ನಿದ್ದೆ ಬಂದುಬಿಡೋದು." ದನಿಯಲ್ಲಿ ಸಿಟ್ಟಿರಲಿಲ್ಲ. "ಇನ್ನು ಮೇಲೆ ನಂಗೂ ಕೇಳಿಸುತ್ತೆ ಅದು. ಆ ಒಂದು."

ಲವೋನ್ ಮೇಜಿನ ಮೇಲೆ ಕೈ ಚಾಚಿದಳು. ಮಾವಿಸ್ ಅದನ್ನು ನೋಡಿದಳು, ಹಿಡಿಯಲಿಲ್ಲ. ಎದ್ದು ಹೋಗಲೂ ಇಲ್ಲ. ಮನೆ ಬೆಚ್ಚಗಾಗುತ್ತಿತ್ತು, ಕಿಟಕಿಯ ಮೂಲೆಯ ಹಿಮ ಕರಗಿ ಹಲಗೆಯ ಮೇಲೆ ನೀರಾಗುತ್ತಿತ್ತು, ಒಂದು ವರ್ಷದಲ್ಲಿ ಮೊದಲ ಸಲ ಲವೋನಳಿಗೆ ಎದೆ ತುಂಬ ಉಸಿರು ಒಳಗೆ ಹೋಯಿತು. ಎದುರಿಗೆ ಎಪ್ಪತ್ತಾರರ ಮುದುಕಿ ಕೋಟಿನ ಗುಂಡಿಗಳನ್ನು ಕುತ್ತಿಗೆಯವರೆಗೆ ಹಾಕಿಕೊಂಡು ನಡುಗುತ್ತ ಕುಳಿತಿದ್ದಳು. ತನಗೆ ಎಷ್ಟು ಹಗುರಾಗಿದೆ ಎಂಬುದು ಅವಳಿಗೆ ಕಾಣದಿರಲಿ ಎಂದು ಲವೋನ್ ಮುಖ ತಗ್ಗಿಸಿದಳು.